ನೀಲಾದೇವಿ ಅಕ್ಕೋರು

ವಾಣಿಶ್ರೀಗೆ ಹೊಟ್ಟೆಕಿಚ್ಚು ಹತ್ತಿದ್ದು ಇಲ್ಲದ ಹೆಂಗಸಿನ ಮೇಲೆ. ಇದ್ದವಳ ಮೇಲಾಗಿದ್ದರೆ ನಾಲ್ಕು ಮಂದಿಯ ಹತ್ತಿರ ಆಡಿಕೊಂಡು ಹಗುರಾಗಬಹುದಿತ್ತು. ಬೈರಿದೇವರಕೊಪ್ಪದ ಒಂದು ಶಾಲೆಗೆ ಮುಖ್ಯೋಪಾಧ್ಯಾಯಿನಿ, ಪಾಲಕರು ಎದ್ದು ನಿಂತು ಮಾತಾಡಿಸುವ ಹೆಡ್ ಮೇಡಮ್, ಕತೆಪುಸ್ತಕದ ಇನ್ನೊಬ್ಬ ಮುಖ್ಯೋಪಾಧ್ಯಾಯಿನಿಯ ಹೆಸರು ಕೇಳಿದರೆ ಕೊತಕೊತ ಕುದಿಯುತ್ತಾಳೆ ಎಂದು ಯಾರ ಮುಂದೆ ಹೇಳುವುದು?

ಆ ಇನ್ನೊಬ್ಬಾಕೆ ಇಂದ್ರನೀಲಾದೇವಿ. ‘ಕಾಡಿಗೆಕೋಟೆ’ ಎಂಬ ಮಕ್ಕಳ ಕಾದಂಬರಿ ಮಾಲೆಯಲ್ಲಿ ಮಾಯಾವಿದ್ಯೆ ಕಲಿಸುವ ಶಾಲೆಯೊಂದಿದೆ. ಅದರ ಮುಖ್ಯಸ್ಥೆ ಈಕೆ. ನೆಲಕ್ಕೆ ತಾಗುವ ನೀಲಿ ಸೀರೆ, ಕೈಯಲ್ಲಿ ಬೆಳ್ಳಿಯ ಬೆತ್ತ. ವಾಣಿಶ್ರೀಯ ಹತ್ತು ವರ್ಷದ ಮಗಳು ದಾನೇಶ್ವರಿ ಮಾಲೆಯ ಮೂರೂ ಪುಸ್ತಕ ಓದಿ ಮುಗಿಸಿದಂದಿನಿಂದ ಊಟಕ್ಕೆ ಕೂತರೂ ಆಕೆಯದೇ ಜಪ.

“ನೀಲಾದೇವಿ ಅಕ್ಕೋರು ಹುಡುಗೂರು ಅಳಾಕತ್ತಿದ್ರ ಕೆಳಗ ಕುಂತು ಸೆರಗಿಂದ ಕಣ್ಣ ಒರಸ್ತಾರ, ಗೊತ್ತೇನು?” ಎನ್ನುವಳು. ಇನ್ನೊಂದು ದಿನ, “ಅವರು ಹುಡುಗೂರ ಡಬ್ಬಿಯೊಳಗಿಂದ ಒಂದ ತುತ್ತ ತಿಂದು, ಭಾಳ ಛಲೋ ಆಗೇತಿ ಅಂತಾರ.” ಮತ್ತೊಂದು ದಿನ, “ಯಾರದರ ಜಡಿ ಬಿಚ್ಚಿದ್ರ ತಾವ ಹೆಣೀತಾರ.”

“ಹೆಣೀಲಾರದ ಏನ ಮಾಡ್ತಾಳ ಅಕಿ?” ಎಂದು ವಾಣಿಶ್ರೀ ರೊಟ್ಟಿಯನ್ನು ತಟ್ಟೆಗೆ ಒಗೆದಳು. “ಬಿಸಿಯೂಟದ ಲೆಕ್ಕ ಬರಿಯೂದಿಲ್ಲ, ಮೀಟಿಂಗಿಗೆ ಅಲದಾಡೂದಿಲ್ಲ. ಒಂದ ಮಂತ್ರಾ ಒಗದ್ರ ಎಲ್ಲಾ ಕೆಲಸ ಮುಗೀತಾವ. ಹಂಗಿದ್ರ ನಾನೂ ದೇವತಿ ಆಗ್ತಿದ್ದೆ!”

ಗಂಡ ಶಂಭುಲಿಂಗ ಹತ್ತಿ ವ್ಯಾಪಾರಿ, ತೂಕದ ಮನುಷ್ಯ, ಆದರೆ ನಗೆ ತಡೆಯಲಾಗಲಿಲ್ಲ. “ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ವಾಣಿ. ನೀ ಮನ್ಯಾಗಿನ ಹೆಡ್ ಮೇಡಮ್. ಅಕಿ ಕ್ವಾಟಿಯೊಳಗಿನಾಕಿ.”

“ನಿಮಗ ಎಲ್ಲಾ ಚಾಷ್ಟಿ,” ಎಂದಳು ಅವಳು. ಅಂದು ಅವಳಿಗೆ ರೊಟ್ಟಿ ಸೇರಲಿಲ್ಲ.

ದಾನೇಶ್ವರಿ ಕಲಿಯುವುದು ತಾಯಿಯ ಶಾಲೆಯಲ್ಲೇ. ಒಂದನೆಯ ತರಗತಿಗೆ ಹಾಕಿದ ದಿನವೇ ವಾಣಿಶ್ರೀ ಕಟ್ಟಪ್ಪಣೆ ಮಾಡಿದ್ದಳು: ಶಾಲೆಯಲ್ಲಿ ಮಮ್ಮಿ ಎನ್ನುವಂತಿಲ್ಲ, ಮೇಡಮ್ ಎನ್ನಬೇಕು. ಮನೆಯ ಮಾತು ಶಾಲೆಯಲ್ಲಿ ಬೇಡ, ಶಾಲೆಯ ಮಾತು ಮನೆಯಲ್ಲಿ ಬೇಡ. ಹೆಡ್ ಮೇಡಮ್ ತನ್ನ ಕೂಸನ್ನೇ ಮೆರೆಸುತ್ತಾಳೆಂದು ಜನ ಬಾಯಿಗೆ ಬಂದಂತೆ ಆಡಬಾರದಲ್ಲ! ಶಾಲೆಯ ಪಡಸಾಲೆಯಲ್ಲಿ ಮಗಳು ಎದುರು ಬಂದರೆ ವಾಣಿಶ್ರೀ ಗೋಡೆ ನೋಡಿಕೊಂಡು ದಾಟುತ್ತಿದ್ದಳು. ಈ ಕಟ್ಟುನಿಟ್ಟಿನ ಬಗ್ಗೆ ಅವಳಿಗೆ ಒಳಗೊಳಗೇ ಹೆಮ್ಮೆಯಿತ್ತು.

ದಸರೆಯ ಬನ್ನಿಯ ದಿನ ಕಿಚ್ಚು ಜಗಲಿಗೇ ಬಂತು. ಹುಬ್ಬಳ್ಳಿಯಲ್ಲಿ ಅಂದು ಸಂಜೆ ಬನ್ನಿ ಎಲೆಯೇ ಬಂಗಾರ. ಕಿರಿಯರು ಅದನ್ನು ಹಿರಿಯರ ಕೈಗಿಟ್ಟು ಕಾಲು ಮುಟ್ಟಬೇಕು. ವಾಣಿಶ್ರೀ ಹೊಸ ಸೀರೆ ಉಟ್ಟು ಕಾದಿದ್ದಳು. ತಾಯಿಯೂ ಅವಳೇ, ಗುರುವೂ ಅವಳೇ. ಮೊದಲ ಬನ್ನಿಯ ಮೇಲೆ ಎರಡು ಕಡೆಯಿಂದ ಹಕ್ಕು. ಅಪ್ಪನ ಜೊತೆ ಗುಡಿಯಿಂದ ಬಂದ ಹುಡುಗಿ ತಾಯಿಯನ್ನು ದಾಟಿ ಸೀದಾ ತನ್ನ ಕೋಣೆಗೆ ಹೋದಳು. ಪುಸ್ತಕ ತೆರೆದು, ನೀಲಿ ಸೀರೆಯ ಚಿತ್ರದ ಮೇಲೆ ಎರಡು ಎಲೆ ಇಟ್ಟು ಕೈ ಮುಗಿದಳು. ಆಮೇಲೆ ಹೊರಬಂದು, “ಬನ್ನಿ ತಗೊಂಡು ಬಂಗಾರದಂಗ ಇರೂಣು, ಮಮ್ಮಿ,” ಎಂದು ಬಗ್ಗಿದಳು.

ವಾಣಿಶ್ರೀ ಎಲೆ ತೆಗೆದುಕೊಂಡಳು. ಬಾಯಿಂದ ಆಶೀರ್ವಾದ ಹೊರಡಲಿಲ್ಲ. ಹೆತ್ತವಳು ತಾನು, ಜ್ವರ ಬಂದರೆ ಪಕ್ಕದಲ್ಲಿ ಕೂತಿರುವವಳು ತಾನು, ಬಂಗಾರ ಮಾತ್ರ ಆ ಮಾಯಗಾತಿಗೆ! ಹಾಗೆ ನೋಡಿದರೆ ಸವತಿಯಾದರೂ ವಾಸಿ, ಗಂಡನನ್ನಷ್ಟೇ ಕಸಿಯುತ್ತಾಳೆ.

ಮರುದಿನ ಮಗಳು ಬನ್ನಿ ಕೊಡಲು ಉಣಕಲ್ಲಿನ ಅಜ್ಜಿಯ ಮನೆಗೆ ಹೋದಾಗ ವಾಣಿಶ್ರೀ ಮೂರೂ ಪುಸ್ತಕ ಹಿಡಿದು ಕೂತಳು. ಆಕೆಯ ಹುಳುಕು ಹುಡುಕಿ ಮಗಳ ಮುಂದೆ ಇಡದಿದ್ದರೆ ಹೆಸರು ವಾಣಿಶ್ರೀಯಲ್ಲ! ಮಧ್ಯಾಹ್ನದ ಊಟ ಮರೆತು ಓದಿದಳು. ಓದುತ್ತ ಹೋದಂತೆ ಮುಖ ಅರಳಿತು. ಈ ಇಂದ್ರನೀಲಾದೇವಿ ತಡವಾಗಿ ಬಂದ ಹುಡುಗನನ್ನು ಪಾರಿವಾಳ ಮಾಡಿ ಕೂಡಿಹಾಕುವವಳು. ಎತ್ತರದ ಕುರ್ಚಿಯಿಂದ ಇಳಿದವಳೇ ಅಲ್ಲ. ಕಣ್ಣು ಒರೆಸುವುದಿಲ್ಲ, ತುತ್ತು ತಿನ್ನುವುದಿಲ್ಲ, ಜಡೆ ಹೆಣೆಯುವುದಂತೂ ಎಲ್ಲಿಯೂ ಇಲ್ಲ. ಸಿಕ್ಕಳು ಕಳ್ಳಿ! ಹುಡುಗಿ ಇಷ್ಟು ದಿನ ಸುಳ್ಳು ಪೋಣಿಸಿ ತಾಯಿಯ ಹೊಟ್ಟೆ ಉರಿಸಿದ್ದಾಳೆ.

ಸಂಜೆ ದಾನೇಶ್ವರಿ ಚಪ್ಪಲಿ ಕಳಚುವ ಮೊದಲೇ ಪುಸ್ತಕ ಮುಂದೆ ಬಂತು.

“ಜಡಿ ಹೆಣದದ್ದು ಇದರಾಗ ಎಲ್ಲಿ ಐತಿ, ತೋರಸು.”

ಹುಡುಗಿ ತಲೆ ತಗ್ಗಿಸಿದಳು. “ಇದರಾಗ ಇಲ್ಲ.”

“ಮತ್ತ ಸುಳ್ಳ ಯಾಕ ಹೇಳಿದಿ?”

“ಸುಳ್ಳಲ್ಲ, ಖರೇನ ಐತಿ. ನಾ ನೋಡೇನಿ.”

“ಎಲ್ಲಿ ನೋಡಿದಿ?”

“ಸಾಲ್ಯಾಗ. ಒಂದನೇ ಕ್ಲಾಸಿನ ಗುಲ್ನಾಜಂದು ಜಡಿ ಹೆಡ್ ಮೇಡಮ್ ದಿನಾ ಹೆಣೀತಾರ. ಅಕಿ ಅತ್ರ ಸೆರಗಿಂದ ಕಣ್ಣ ಒರಸ್ತಾರ. ಅಕಿ ಡಬ್ಬ್ಯಾಗಿಂದ ತಿಂತಾರ. ಸಾಲಿ ಮಾತು ಮನ್ಯಾಗ ಆಡಬಾರದಂತ ನೀನ ಹೇಳಿಯಲ್ಲ, ಅದಕ್ಕ ನೀಲಾದೇವಿ ಅಕ್ಕೋರ ಹೆಸರ ಹೇಳಿದೆ.”

ವಾಣಿಶ್ರೀ ಪುಸ್ತಕ ಕೆಳಗಿಟ್ಟಳು. ಗುಲ್ನಾಜಳಿಗೆ ತಾಯಿಯಿಲ್ಲ, ದಿನಾ ಬೆಳಿಗ್ಗೆ ಕೆದರಿದ ಕೂದಲಲ್ಲೇ ಬರುವ ಕೂಸು. ತಾನು ಅದಕ್ಕೆ ಜಡೆ ಹಾಕುವುದನ್ನು ಕಿಟಕಿಯ ಆಚೆ ನಿಂತು ಇನ್ನೊಬ್ಬಳು ನೋಡುತ್ತಿದ್ದಳೆಂದು ಅವಳಿಗೆ ಎಂದೂ ಹೊಳೆದಿರಲಿಲ್ಲ.

“ಆ ಮೇಡಮ್ ಭಾಳ ಛಲೋ ಅದಾರ, ಮಮ್ಮಿ,” ಎಂದಳು ದಾನೇಶ್ವರಿ. “ಗುಲ್ನಾಜನ್ನ ಕಂಡ್ರ ನನಗ ಸಿಟ್ಟ ಬರ್ತೈತಿ. ಸಾಲಿ ಬಿಟ್ಟ ಮ್ಯಾಲ ಮನಿಗೆ ನೀ ಬರ್ತಿ. ಅವರು ಬರಂಗಿಲ್ಲ.”

ವಾಣಿಶ್ರೀ ಎರಡೂ ಕೈ ಚಾಚಿದಳು. ಹುಡುಗಿ ಒಂದು ಹೆಜ್ಜೆ ಇಟ್ಟು ತಡೆದಳು. ಯಾರಾದರೂ ನೋಡುತ್ತಿದ್ದಾರೇನೋ ಎಂದು ಮೊದಲು ಬಾಗಿಲ ಕಡೆ ತಿರುಗಿದಳು.