ಏನನ್ನೂ ಬೇಡದ ಸಮಾಧಾನಪ್ಪ

ರಾಣೇಬೆನ್ನೂರಿನ ಬೀಜದ ವ್ಯಾಪಾರಿ ಸಮಾಧಾನಪ್ಪ ಹಲಗೇರಿಯವರು ದೇವರ ಹತ್ತಿರ ಏನನ್ನೂ ಕೇಳುವುದಿಲ್ಲ. ಚರ್ಚಿನಲ್ಲಿ ಉಳಿದವರು ಮಳೆ, ಮಂಡಿನೋವು, ಮಗನ ನೌಕರಿ, ಸೊಸೆಯ ಹೆರಿಗೆ ಎಂದು ಬೇಡಿಕೆಗಳ ಸರಮಾಲೆಯನ್ನೇ ಬಿಚ್ಚುವ ಹೊತ್ತಿನಲ್ಲಿ ಇವರು ಹಿಂದಿನ ಬೆಂಚಿನ ತುದಿಯಲ್ಲಿ ಎದ್ದು ನಿಂತು, ಕಣ್ಣು ಮುಚ್ಚಿ, "ತಂದೆಯೇ, ಮೇಡ್ಲೇರಿ ಕಡೆ ಮೆಣಸಿನ ಸಸಿ ಚಲೋ ಎದ್ದಾವ, ಉಪಕಾರ ಆತು. ನಿನ್ನಿ ಕರೆಂಟ್ ಲಗೂನ ಬಂತು, ಉಪಕಾರ ಆತು. ಆಮೆನ್" ಎಂದು ಕುಳಿತುಬಿಡುತ್ತಾರೆ. ಬಸ್ಸು ತಪ್ಪಿದರೂ ಅವರಿಗೆ ಉಪಕಾರವೇ; ಇನ್ನೊಂದು ಚಾ ಕುಡಿಯಲು ವೇಳೆ ಸಿಕ್ಕಿತಲ್ಲ! ಹೆಂಡತಿ ಕರುಣವ್ವ ಆಸ್ಪತ್ರೆಯಲ್ಲಿ ಕೊನೆಯ ದಿನಗಳನ್ನು ಎಣಿಸುತ್ತಿದ್ದಾಗಲೂ ಅವರು ಹಾಸಿಗೆಯ ಪಕ್ಕ ನಿಂತು ಹೇಳಿದ್ದು ಇಷ್ಟೇ: "ಇಷ್ಟ ವರ್ಷ ಇಕಿನ್ನ ನನ್ನ ಜೋಡಿ ಇಟ್ಟಿ, ಉಪಕಾರ ಆತು."

ಅವರ ನಡಿಗೆಯೂ ವಿಚಿತ್ರ. ಎದುರುಗಾಳಿಗೆ ಮೈಯೊಡ್ಡಿದವರಂತೆ ಮುಂದಕ್ಕೆ ಬಾಗಿ ನಡೆಯುತ್ತಾರೆ, ಎಲೆಯೂ ಅಲುಗದ ಬೇಸಿಗೆಯ ಮಧ್ಯಾಹ್ನದಲ್ಲಿಯೂ. ಮೈಮೇಲೆ ಸದಾ ಒಂದು ಕಂದು ಕೋಟು. ಬ್ಯಾಡಗಿಯ ಮಾರುಕಟ್ಟೆಗೆ ಹೋಗಿಬಂದ ವಾರ ಆ ಕೋಟಿನ ನೇಯ್ಗೆಯೊಳಗೆ ಮೆಣಸಿನಕಾಯಿಯ ಘಾಟು ಹೊಕ್ಕು ಕೂತಿರುತ್ತದೆ. ಭಾನುವಾರದ ಉಪದೇಶದ ನಡುವೆ ಅಕ್ಕಪಕ್ಕದವರು ಸೀನಲು ತೊಡಗಿದರೆ, ಪಾದ್ರಿಗಳು ತಲೆಯೆತ್ತದೆಯೇ ಸಮಾಧಾನಪ್ಪ ಬಂದಿದ್ದಾರೆಂದು ತಿಳಿದುಕೊಳ್ಳುತ್ತಾರೆ.

ದೇವರಗುಡ್ಡದ ಉಡಚಪ್ಪ ಅವರ ಬಾಲ್ಯದ ಗೆಳೆಯ. ಹುಣ್ಣಿಮೆಗೊಮ್ಮೆ ಮೈಲಾರನ ಭಂಡಾರವನ್ನು ಕಾಗದದಲ್ಲಿ ಕಟ್ಟಿ ಅಂಗಡಿಗೆ ತರುತ್ತಾನೆ. ಸಮಾಧಾನಪ್ಪ ಆ ಅರಿಶಿನವನ್ನು ಹಣೆಗೆ ಹಚ್ಚಿಕೊಳ್ಳುವುದಿಲ್ಲ, ಬೇಡವೆಂದೂ ಅನ್ನುವುದಿಲ್ಲ. ಎರಡೂ ಕೈ ಒಡ್ಡಿ ತೆಗೆದುಕೊಂಡು ಹಣದ ಗಲ್ಲೆಯ ಮೇಲಿನ ಹಲಗೆಯಲ್ಲಿಡುತ್ತಾರೆ. ಮಗಳು ಸುಶ್ಮಿತಾ ಒಮ್ಮೆ ಸಿಡುಕಿ ಕೇಳಿದ್ದಳು, "ಹಚ್ಚಿಕೊಳ್ಳಂಗಿಲ್ಲ ಅಂದಮ್ಯಾಲ ಯಾಕ ಇಟ್ಟುಕೋತಿ ಅಪ್ಪಾ?"

"ಅಂವಾ ತನ್ನ ದೇವ್ರ ಮುಂದ ನಿಂತಾಗ ನನ್ನ ನೆನಸ್ಯಾನವ್ವ. ಅದನ್ನ ಹ್ಯಾಂಗ ಒಗೀಲಿ?"

ಸುಶ್ಮಿತಾಳಿಗೆ ಈ ಉತ್ತರ ಹಿಡಿಸಲಿಲ್ಲ. ಹಾವೇರಿಯ ಬ್ಯಾಂಕೊಂದರ ಕೆಲಸಕ್ಕೆ ದಿನವೂ ಹೋಗಿಬರುವ ಆಕೆ, ತಾಯಿ ತೀರಿದ ಮೇಲೆ ಅಲ್ಲಿನ ಒಂದು ಪ್ರಾರ್ಥನಾ ಕೂಟವನ್ನು ಸೇರಿದ್ದಳು. ಆ ಕೂಟದವರು ಒಳ್ಳೆಯವರು. ಊಟ ಸೇರದೆ ಮಂಕಾಗಿ ಕೂತಿದ್ದ ಹುಡುಗಿಗೆ ಡಬ್ಬಿ ತಂದುಕೊಟ್ಟವರು, ಅತ್ತಾಗ ಜೊತೆಗೆ ಕೂತು ಅತ್ತವರು. ಅವರ ಭಕ್ತಿಗೆ ಬಿಸಿ ಇತ್ತು, ಕಣ್ಣೀರಿತ್ತು, ಚಪ್ಪಾಳೆಯಿತ್ತು. ಆ ಬಿಸಿಯಿಂದ ಎದ್ದು ಮನೆಗೆ ಬಂದರೆ ಅಪ್ಪನ ಎರಡು ಸಾಲಿನ ಪ್ರಾರ್ಥನೆ ಅವಳಿಗೆ ಆರಿದ ಚಹಾದಂತೆ ತೋರುತ್ತಿತ್ತು.

ಕೂಟದ ಹಿರಿಯ ಜಯಶೀಲ, ಮೂವತ್ತೈದರ ಆಸುಪಾಸಿನ ಉತ್ಸಾಹಿ, ಒಂದು ದಿನ ಮನೆಗೆ ಬಂದವನು ನೇರವಾಗಿ ಕೇಳಿದ, "ಅಂಕಲ್, ನೀವು ದೇವರಿಗೆ ನಿಮ್ಮನ್ನ ಒಪ್ಪಿಸಿಕೊಟ್ಟು ರಕ್ಷಣೆ ಹೊಂದಿದ ದಿನ ಯಾವುದು?"

ಸಮಾಧಾನಪ್ಪ ಅವನಿಗೆ ಕುರ್ಚಿ ಎಳೆದುಕೊಟ್ಟರು. "ಯಾವ ದಿನ ಅಂತ ಹೇಳ್ಲಿಪಾ? ನಮ್ಮವ್ವ ಯಾವತ್ತಿನಿಂದ ನನ್ನ ಮ್ಯಾಲ ಜೀವಾ ಇಟ್ಟಳು ಅಂತ ಕೇಳಿದ್ರ ಅದೂ ನನಗ ಗೊತ್ತಿಲ್ಲ."

"ದಿನ ಗೊತ್ತಿಲ್ಲಂದ್ರ ಅದು ಆಗಿಲ್ಲ ಅಂತನ ಅರ್ಥ ಅಂಕಲ್. ಹುಟ್ಟಿನಿಂದ ಬಂದದ್ದು ಹೆಸರು. ಖರೇ ಕ್ರೈಸ್ತರಾಗೂದು ಬ್ಯಾರೆ." ಜಯಶೀಲನ ದನಿಯಲ್ಲಿ ಅಹಂಕಾರವಿರಲಿಲ್ಲ, ನಿಜವಾದ ಕಳವಳವಿತ್ತು. ಅದಕ್ಕೇ ಅದು ಹೆಚ್ಚು ನೋಯಿಸಿತು.

ಆತ ಹೋದ ಮೇಲೆ ಸುಶ್ಮಿತಾ, "ಅವರು ಅಂದದ್ದು ತಪ್ಪಲ್ಲ ಅಪ್ಪಾ. ನೀ ನಂಬೂದಕ್ಕಿಂತ ಹೊಂದಿಕೊಂಡು ಹೋಗೂದ ಜಾಸ್ತಿ" ಎಂದಳು.

"ಇರಬೇಕವ್ವ" ಎಂದರು ಅಪ್ಪ. ಆ ರಾತ್ರಿ ಅವಳು ರೊಟ್ಟಿ ಬಡಿಸಿದಾಗ ಅವರು ಉಪಕಾರ ಆತು ಅನ್ನಲಿಲ್ಲ. ಅವಳಿಗೆ ನೆನಪಿರುವ ಮಟ್ಟಿಗೆ ಅದೇ ಮೊದಲು.

ಹೀಗಿದ್ದರೂ, ಹಾವೇರಿಯ ಬಾಡಿಗೆ ಕೋಣೆ ಕೈತಪ್ಪಿ ಕೂಟಕ್ಕೆ ಜಾಗವಿಲ್ಲದಂತಾದಾಗ, ಸುಶ್ಮಿತಾ ಅಳುಕುತ್ತ ಮನೆಯ ಪಡಸಾಲೆಯನ್ನು ಕೇಳಿದಳು. ಅವರು ಮರುಮಾತಾಡದೆ ಜಮಖಾನವನ್ನು ತಾವೇ ಝಾಡಿಸಿ ಹಾಸಿದರು. ಆದರೆ ಒಳಗೆ ಕೂಡಲಿಲ್ಲ. ಭಾನುವಾರ ಸಂಜೆ ಒಳಗೆ ಹಾಡು ಶುರುವಾದಾಗ ಅವರು ಹೊರಗಿನ ಕಟ್ಟೆಯ ಮೇಲೆ, ಕೋಟು ತೊಟ್ಟು, ಬಂದವರ ಚಪ್ಪಲಿಗಳ ಪಕ್ಕ ಕೂತಿದ್ದರು.

ಎರಡನೆಯ ಹಾಡು ಮುಗಿಯುವ ಮೊದಲೇ ಓಣಿಯ ತುದಿಯಿಂದ ಹುಡುಗರ ಗುಂಪೊಂದು ಬಂತು. ಮುಂದಿದ್ದವನು ಮಾಲತೇಶ; ಅವನ ಅಪ್ಪ ವರ್ಷವೂ ಬೀಜ ಒಯ್ಯುವುದು ಸಮಾಧಾನಪ್ಪನವರ ಅಂಗಡಿಯಿಂದಲೇ.

"ಕಾಕಾರ, ನಿಮ್ಮ ಮ್ಯಾಲ ನಮ್ದೇನೂ ಸಿಟ್ಟಿಲ್ರಿ" ಎಂದ ಮಾಲತೇಶ, ಸಾಕಷ್ಟು ಮರ್ಯಾದೆಯಿಂದಲೇ. "ನೀವು ಹೆಸರಿಗಷ್ಟ ಕ್ರಿಶ್ಚನ್, ನಮ್ಮವರ ಇದ್ದಂಗ. ಒಳಗ ಕುಂತಾರಲ್ರಿ, ಅವರು ಖರೇ ಕ್ರಿಶ್ಚನ್ನರು. ಮಂದೀನ ಕೆಡಸಾಕ ಬಂದಾರ. ಅವರನ್ನ ಹೊರಗ ಕಳಸ್ರಿ."

ಒಳಗೆ ಹಾಡು ನಿಂತಿತು. ಸುಶ್ಮಿತಾ ಬಾಗಿಲ ಪರದೆಯ ಹಿಂದೆ ಬಂದು ನಿಂತಳು. ಅಪ್ಪ ಹೂಂ ಎಂದರೆ ಸಾಕಿತ್ತು. ಖರೇ ಕ್ರೈಸ್ತನಲ್ಲವೆಂದು ಜಯಶೀಲನೂ ಹೇಳಿದ್ದ, ಅವಳೂ ಹೇಳಿದ್ದಳು. ಮೂರನೆಯ ಬಾರಿ ಕೇಳುವ ಮನುಷ್ಯ ಅದನ್ನೇ ಆಶ್ರಯ ಮಾಡಿಕೊಂಡು ಒಳಗೆ ಹೋಗಿ ಕೂತಿದ್ದರೆ ಯಾರು ತಪ್ಪೆನ್ನಬಹುದಿತ್ತು?

ಸಮಾಧಾನಪ್ಪ ನಿಧಾನಕ್ಕೆ ಎದ್ದು ಹೊಸ್ತಿಲಿಗೆ ಅಡ್ಡ ನಿಂತರು. "ಮಾಲತೇಶ, ಒಳಗಿನವ್ರೂ ನನ್ನ ಖರೇ ಅಲ್ಲ ಅಂತಾರ. ಅವರು ಮನೀ ಮಂದಿ, ಅನ್ನಲಿ. ನೀ ಅಂದ್ರ ನಾ ಒಪ್ಪಂಗಿಲ್ಲ. ನಾ ಕ್ರಿಶ್ಚನ್ ಅದೇನಿ, ಪೂರಾ ಅದೇನಿ. ಅವರಿಗೆ ಏನ ಮಾಡಬೇಕಂತ ಬಂದೀರಿ, ಅದನ್ನ ಮೊದಲ ನನಗ ಮಾಡ್ರಿ."

ಗುಂಪಿನ ಹಿಂದಿನಿಂದ ಯಾರೋ ನುಗ್ಗಿ ಅವರ ತೋಳು ಹಿಡಿದೆಳೆದರು. ಕೋಟಿನ ಭುಜದ ಹೊಲಿಗೆ ಪರ್ರನೆ ಬಿಚ್ಚಿತು. ಮುದುಕರು ವಾಲಿದರು, ಬಾಗಿಲ ಚೌಕಟ್ಟು ಹಿಡಿದು ಮತ್ತೆ ಅಲ್ಲೇ ನಿಂತರು. ಆ ಹರಿದ ಭುಜವನ್ನು ನೋಡಿ ಮಾಲತೇಶನ ಮುಖ ಕಪ್ಪಿಟ್ಟಿತು. "ಏ, ಕೈ ಬಿಡಲೇ! ಕಾಕಾರಿಗೆ ಕೈ ಹಚ್ತೀಯೇನ?" ಎಂದು ತನ್ನವನನ್ನೇ ಗದರಿದ. ಕೊಂಚ ಹೊತ್ತು ಗೊಣಗಾಟ ನಡೆಯಿತು. ಮತ್ತೆ ಇಲ್ಲಿ ಕೂಟ ನಡೆಸಬಾರದೆಂಬ ಎಚ್ಚರಿಕೆಯೂ ಬಂತು. ಕಡೆಗೆ ಹುಡುಗರು ತಿರುಗಿ ಹೋದರು.

ಆಮೇಲಷ್ಟೇ ಸಮಾಧಾನಪ್ಪ ಹೊಸ್ತಿಲು ಬಿಟ್ಟದ್ದು. ಒಳಗೆ ಬಂದು ಜಮಖಾನದ ಅಂಚಿನಲ್ಲಿ ಕುಸಿದು ಕೂತರು. ಜಯಶೀಲ ನೀರು ತಂದುಕೊಟ್ಟ. ಅವರ ಎದುರಿಗೆ ಕೂತು, "ನೀವ ಪ್ರಾರ್ಥನಾ ಮಾಡ್ರಿ ಅಂಕಲ್" ಎಂದಷ್ಟೇ ಅಂದ.

"ತಂದೆಯೇ, ಹುಡುಗರು ಕೈಯಾಗ ಕಲ್ಲು ತಂದಿದ್ದಿಲ್ಲ, ಉಪಕಾರ ಆತು. ಮಾಲತೇಶಗ ನಾಚಿಕಿ ಕೊಟ್ಟಿ, ಉಪಕಾರ ಆತು. ಈ ಮಂದಿ ನನ್ನ ಮಗಳಿಗೆ ಊಟಾ ಹಾಕ್ಯಾರ, ಭಾಳ ಉಪಕಾರ ಆತು. ಆಮೆನ್."

ಮರುದಿನ ಬೆಳಿಗ್ಗೆ ಸುಶ್ಮಿತಾ ರಜೆ ಹಾಕಿ ಕೋಟು ಹೊಲಿಯುತ್ತ ಕೂತಳು. "ಅಂಜಿಕಿ ಬರಲಿಲ್ಲೇನ ಅಪ್ಪಾ?"

"ಬಂತು. ಭಾಳ ಬಂತು."

"ಮತ್ತ ಹೂಂ ಅಂದಿದ್ರ ಮುಗೀತಿತ್ತಲ್ಲ. ಆ ಹುಡುಗರು ನಿನ್ನ ಮುಟ್ಟದ ಹೋಗಿಬಿಡತಿದ್ರು."

"ಹೂಂ ಅಂದಿದ್ರ ಅವರ ಜೋಡಿ ನಾನೂ ಹೋಗಿಬಿಡತಿದ್ದೆನವ್ವ."

ಅವಳ ಕೈಯಲ್ಲಿನ ಸೂಜಿ ನಿಂತಿತು. ಕ್ಷಮೆ ಕೇಳಬೇಕೆಂದುಕೊಂಡಳು, ಆದರೆ ಅಪ್ಪ ಆಗಲೇ ಕನ್ನಡಕ ಹುಡುಕುತ್ತ ಅಂಗಡಿಯ ಬೀಗದ ಕೈ ಎಲ್ಲೆಂದು ಕೇಳುತ್ತಿದ್ದರು. ಅವಳು ಕೂಟವನ್ನು ಬಿಡಲಿಲ್ಲ. ಬಿಡೆಂದು ಅವರೂ ಹೇಳಲಿಲ್ಲ. ಜಯಶೀಲ ಈಗಲೂ ಕಂಡವರನ್ನೆಲ್ಲ ರಕ್ಷಣೆಯ ದಿನ ಕೇಳುತ್ತಾನೆ, ಸಮಾಧಾನಪ್ಪನವರನ್ನು ಕಂಡರೆ ಮಾತ್ರ ಸುಮ್ಮನೆ ಕೈ ಹಿಡಿದುಕೊಳ್ಳುತ್ತಾನೆ.

ಸೌಮ್ಯವಾಗಿ ನಂಬುವವರನ್ನು ಅರೆಮನಸ್ಸಿನವರೆಂದು ತಿಳಿಯುವುದು ಸುಲಭ. ನೆರೆಯವನ ದೇವರನ್ನು ನೋಯಿಸದೆ ತಮ್ಮ ದೇವರನ್ನು ಪ್ರೀತಿಸುವ ಈ ಜನ ತಮ್ಮ ಶ್ರದ್ಧೆಯನ್ನು ಮನೆಯ ಪಾಯದ ಹಾಗೆ ನೆಲದೊಳಗಿಟ್ಟು ಬದುಕುತ್ತಾರೆ, ಅದನ್ನು ಅಗೆದು ತೋರಿಸುವ ಪ್ರಸಂಗ ಬಾರದಿರಲಿ ಎಂದೇ ಬಯಸುತ್ತಾರೆ. ಬಂದರೆ ಎದ್ದು ನಿಲ್ಲುತ್ತಾರೆ, ನಿಂತದ್ದನ್ನು ಮರುದಿನ ಮರೆತುಬಿಡುತ್ತಾರೆ. ಇಂಥವರು ಪ್ರತಿ ಓಣಿಯಲ್ಲಿಯೂ ಒಬ್ಬಿಬ್ಬರಾದರೂ ಇರುವುದರಿಂದಲೇ ನಮ್ಮ ಊರುಗಳು ಇನ್ನೂ ಊರುಗಳಾಗಿ ಉಳಿದಿವೆ. ಅವರು ಯಾರೆಂಬುದು ನಮಗೆ ಸಾಮಾನ್ಯವಾಗಿ ತಿಳಿಯುವುದು ಅವರನ್ನು ಮಣ್ಣಿಗಿಟ್ಟು ಬಂದ ಮೇಲೆ. ಸುಶ್ಮಿತಾ ಪುಣ್ಯವಂತೆ, ಅಪ್ಪ ಇರುವಾಗಲೇ ಅವಳಿಗೆ ತಿಳಿಯಿತು.