ಬಾಗದ ಕೋಲು

ಕೆಲಸದಲ್ಲಿದ್ದಷ್ಟು ವರ್ಷವೂ ಆಸ್ಪತ್ರೆಯಲ್ಲಿ ಊರವರ ಕೈಕಾಲು ಬಗ್ಗಿಸಿದವಳು ನಾನು. ಮುರಿದ ಮೊಣಕಾಲು, ಹಿಡಿದುಕೊಂಡ ಭುಜ, ಬಿದ್ದೆದ್ದ ಸೊಂಟ, ಯಾವುದೂ ನನ್ನ ಮಾತು ಮೀರಿದ್ದಿಲ್ಲ. ಆದರೆ ಹಿತ್ತಲ ಗಿಡ ಮದ್ದಲ್ಲ ನೋಡಿ, ನಮ್ಮ ಮನೆಯವರ ಸೊಂಟ ಮಾತ್ರ ನನ್ನ ಮಾತಿಗೆ ತಿರುಗುತ್ತಿರಲಿಲ್ಲ. ಭಾನುವಾರ ಬೆಳಗ್ಗೆ ಗಾಲ್ಫ್ ಮೈದಾನದಲ್ಲಿ ಕಾರಿನಿಂದ ಇಳಿದವರೇ ಕೋಲು ಎತ್ತಿ ಚೆಂಡಿಗೆ ಬೀಸುವುದು, ಮಧ್ಯಾಹ್ನ ಮನೆಗೆ ಬಂದು ಬೆನ್ನಿಗೆ ಬಿಸಿನೀರಿನ ಚೀಲ ಒತ್ತಿಕೊಂಡು ನರಳುವುದು. "ಹೊಡೆಯೋ ಮುಂಚೆ ಸ್ವಲ್ಪ ಮೈ ಸಡಿಲ ಮಾಡ್ಕೊಳ್ರೀ" ಅಂದರೆ, "ಗಾಲ್ಫ್ ಅಂದ್ರೆ ಕುಸ್ತಿ ಅಲ್ಲ ಕಣೇ" ಅನ್ನುತ್ತಾರೆ. ಕುಸ್ತಿಯವರಿಗೂ ಇಷ್ಟು ಬೆನ್ನುನೋವು ಬರುವುದಿಲ್ಲ ಅನ್ನುವುದು ನನಗೆ ಗೊತ್ತು. ಹೇಳಿ ಪ್ರಯೋಜನವಿಲ್ಲ.

ಈ ಆಟದ ಬಗ್ಗೆ ನನ್ನ ಅಭಿಪ್ರಾಯ ಇಷ್ಟೇ. ಹೊಡೆತ ಹುಟ್ಟುವುದು ತೋಳಿನಲ್ಲಲ್ಲ, ಸೊಂಟದಲ್ಲಿ. ವಾರವೆಲ್ಲ ಕುರ್ಚಿಯಲ್ಲಿ ಕೂತು ಭಾನುವಾರ ಒಂದು ದಿನ ಸೊಂಟಕ್ಕೆ ಕೆಲಸ ಹೇಳಿದರೆ ಅದು ಕೇಳುವುದಿಲ್ಲ. ಗಂಡಸರು ಇದನ್ನು ಬಿಟ್ಟು ಬೇರೆಲ್ಲವನ್ನೂ ಬದಲಾಯಿಸುತ್ತಾರೆ. ಹೊಸ ಕೈಗವಸು, ಹೊಸ ಬೂಟು, ದೂರ ಹಾರುವುದಂತೆ ಎಂದು ದುಬಾರಿ ಚೆಂಡು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆದರೆ ನ್ಯಾಯವಾಗಿ ಹೇಳಬೇಕಾದರೆ, ಕೆಲವೊಮ್ಮೆ ನೆಲವೂ ಡೊಂಕಾಗಿಯೇ ಇರುತ್ತದೆ. ನಮ್ಮವರ ಕೋಲು ಹಾಗಿತ್ತು.

ಮೊದಲ ಹೊಡೆತಕ್ಕೆ ಹಿಡಿಯುವ ಉದ್ದನೆಯ ಕೋಲು ಅದು. ಅದರ ದಂಡದಲ್ಲಿ ಗಟ್ಟಿ, ಮೆತ್ತಗೆ ಎಂದು ಬೇರೆ ಬೇರೆ ಬಗೆಯಿವೆ. ಜೋರಾಗಿ ಬೀಸುವ ಪ್ರಾಯದವರಿಗೆ ಗಟ್ಟಿ ದಂಡ ಸರಿ. ಬೀಸು ನಿಧಾನವಾದವರಿಗೆ ಸ್ವಲ್ಪ ಬಾಗುವ ದಂಡ ಬೇಕು, ಅದು ಬಾಗಿ ನೆಟ್ಟಗಾಗುವಾಗ ಚೆಂಡಿಗೆ ತನ್ನದೂ ಒಂದಿಷ್ಟು ಬಲ ಸೇರಿಸುತ್ತದೆ. ನಮ್ಮವರು ಪ್ರಾಯದಲ್ಲಿ ಕೊಂಡ ಕೋಲಿಗೆ ‘ಎಕ್ಸ್‌ಟ್ರಾ ಸ್ಟಿಫ್’, ಅಂದರೆ ತುಂಬ ಗಟ್ಟಿ, ಎಂಬ ಹಳದಿ ಲೇಬಲ್ ಅಂಟಿತ್ತು. ಚೀಲದಲ್ಲಿಟ್ಟರೂ ಎದ್ದು ಕಾಣುವ ಲೇಬಲ್ಲು. "ಮೆತ್ತಂದು ಹಾಕಿಸ್ಕೊಳ್ರೀ" ಎಂದು ಒಮ್ಮೆ ಅಂದಿದ್ದಕ್ಕೆ ಎರಡು ದಿನ ಮುಖ ಊದಿಸಿಕೊಂಡಿದ್ದರು. "ಮುದುಕರ ಕೋಲು ಹಿಡಿದು ಅವರೆದುರು ನಿಲ್ಲಲಾ?"

ಅವರು ಅಂದರೆ ಮೂವರು ಗೆಳೆಯರು. ಹಲ್ಲಿನ ಡಾಕ್ಟರು, ಪ್ರಿಂಟಿಂಗ್ ಪ್ರೆಸ್ಸಿನವರು, ರೈಲ್ವೆಯಲ್ಲಿ ಗಾರ್ಡ್ ಆಗಿದ್ದ ಗಾರ್ಡಣ್ಣ. ನಮ್ಮವರು ಸರ್ವೇಯರ್. ತಲೆಗೂದಲು ಕಪ್ಪಗಿದ್ದ ಕಾಲದಿಂದಲೂ ನಾಲ್ವರೂ ಒಟ್ಟಿಗೆ ಆಡಿದವರು. ಮೈದಾನದ ಏಳನೇ ಹೋಲಿನಲ್ಲಿ, ಅಂದರೆ ಏಳನೇ ಕುಳಿಗೆ ಹೋಗುವ ದಾರಿಯಲ್ಲಿ, ಒಂದು ಕೊಳವಿದೆ. ಹಿಂದಿನ ನೀಲಿ ಗೂಟದ ಬಳಿ ನಿಂತು ಹೊಡೆದರೆ ಚೆಂಡು ಇಡೀ ಕೊಳ ಹಾರಿ ದಾಟಬೇಕು. ಮುಂದಿನ ಬಿಳಿ ಗೂಟದಿಂದ ಹೊಡೆದರೆ ಕೊಳ ಪಕ್ಕಕ್ಕೆ ಉಳಿಯುತ್ತದೆ. ಬಿಳಿ ಗೂಟ ಇರುವುದೇ ವಯಸ್ಸಾದವರಿಗೆ. ಆದರೆ ನಾಲ್ವರದೂ ಒಂದೇ ಶಪಥ, ಸತ್ತರೂ ನೀಲಿ ಗೂಟ ಬಿಡುವುದಿಲ್ಲ.

ಹೋದ ವರ್ಷ ಗಾರ್ಡಣ್ಣನ ಚೆಂಡು ವಾರ ವಾರವೂ ನೀರಿಗೆ ಬೀಳತೊಡಗಿತು. ಉಳಿದ ಮೂವರದು ದಾಟುತ್ತಿತ್ತು. ಒಂದು ಭಾನುವಾರ ಗಾರ್ಡಣ್ಣ ಚೀಲದ ಜಿಪ್ ಎಳೆದು, "ನಂದು ಆಯ್ತು ಕಣ್ರಪ್ಪಾ" ಎಂದು ಹೋದವರು ಮತ್ತೆ ಬರಲಿಲ್ಲ. ಇತ್ತೀಚೆಗೆ ಅವರನ್ನು ಕಣ್ಣಿನ ಆಸ್ಪತ್ರೆಯಲ್ಲಿ ನೋಡಿದೆ. ಊರುಗೋಲು ಹಿಡಿದು ಮಗಳ ತೋಳಿಗೆ ಜೋತುಬಿದ್ದು ನಡೆಯುತ್ತಿದ್ದರು. ಕಾಲಿಗೇನೂ ರೋಗವಿಲ್ಲ, ಸುಮ್ಮನೆ ಕೂತದ್ದೇ ರೋಗ. ಓಡುವ ರೈಲಿನ ಕೊನೆಯ ಡಬ್ಬಿಗೆ ಹಾರಿ ಹತ್ತುತ್ತಿದ್ದ ಮನುಷ್ಯ!

ಈಗ ನಮ್ಮವರ ಸರದಿ. ಮೂರು ಭಾನುವಾರ ಸಾಲಾಗಿ ಚೆಂಡು ಕೊಳದ ಪಾಲಾಯಿತು. ಮೂರನೆಯ ದಿನ ಮನೆಗೆ ಬಂದವರು ಬೈಯಲಿಲ್ಲ, ಗಾಳಿಯನ್ನು ದೂರಲಿಲ್ಲ, ಬಿಸಿನೀರಿನ ಚೀಲವನ್ನೂ ಕೇಳಲಿಲ್ಲ. ಕೋಲುಗಳನ್ನು ಒಂದೊಂದಾಗಿ ತೊಳೆದು, ಒರೆಸಿ, ಮೆಟ್ಟಿಲ ಕೆಳಗಿನ ಗೂಡಿಗೆ ತಳ್ಳಿದರು.

"ಮುಂದಿನ ಭಾನುವಾರ ಒಂದ್ಸಲ ನೋಡ್ತೀನಿ. ದಾಟಲಿಲ್ಲ ಅಂದ್ರೆ ಗಾರ್ಡನ ಹಾಗೆ ನಾನೂ ಬಿಟ್ಟೆ."

"ಬಿಟ್ಟು?"

"ಬಿಟ್ಟು ಏನು? ಮನೇಲಿರ್ತೀನಿ."

ಅವರು ಕೂತಿದ್ದ ಕುರ್ಚಿಯನ್ನು ನೋಡಿದೆ. ಅದೇ ಕುರ್ಚಿಯಲ್ಲಿ ಊರುಗೋಲು ಹಿಡಿದು ಕೂತ ಇನ್ನೊಬ್ಬ ಗಾರ್ಡಣ್ಣ ಕಂಡ. ಆಗಲ್ಲ ಅಂದುಕೊಂಡೆ. ನನ್ನ ಕಣ್ಣೆದುರಿಗೆ ಇದು ಆಗಲ್ಲ.

ಅವರು ಕ್ಷೌರಕ್ಕೆ ಹೋದ ಹೊತ್ತಿನಲ್ಲಿ ಆ ಉದ್ದನೆಯ ಕೋಲನ್ನು ಹಳೆಯ ಹೊದಿಕೆಯಲ್ಲಿ ಸುತ್ತಿಕೊಂಡು ಗಾಲ್ಫ್ ಕೋಲು ರಿಪೇರಿ ಮಾಡುವಾಕೆಯ ಹತ್ತಿರ ಹೋದೆ. ಮೈದಾನದ ಹಿಂದಿನ ರಸ್ತೆಯಲ್ಲಿ ಅವಳದೊಂದು ಕಿರಿದಾದ ಅಂಗಡಿ. ಒಳಗೆ ಅಂಟಿನ ವಾಸನೆ, ಗೋಡೆ ತುಂಬ ಕಿತ್ತ ರಬ್ಬರ್ ಹಿಡಿಕೆಗಳು, ಮೇಜಿನ ಅಂಚಿಗೆ ಕಚ್ಚಿಸಿದ ಒಂದು ಇಕ್ಕಳ. ಬಾಯಿಬಡುಕಿ ಎಂದೇ ಊರಿಗೆ ಪರಿಚಿತಳು. ಕೆಲಸ ಮಾತ್ರ ಚೊಕ್ಕ.

"ದಂಡ ಬದಲಾಯಿಸ್ಬೇಕು. ಮೆತ್ತಂದು ಹಾಕು. ಆದ್ರೆ ನೋಡೋಕೆ ಹೀಗೇ ಇರ್ಬೇಕು" ಅಂದೆ.

ಅವಳು ತಲೆ ಎತ್ತದೆಯೇ, "ಲೇಬಲ್ಲು ಗಟ್ಟಿದೇ ಅಂಟಿಸ್ಲಾ ಅಮ್ಮಾ?" ಅಂದಳು.

ನನಗೆ ಕಳ್ಳತನ ಮಾಡಿ ಸಿಕ್ಕಿಬಿದ್ದ ಹಾಗಾಯಿತು. "ನಿಂಗೆ ಹೇಗೆ ಗೊತ್ತಾಯ್ತೇ?"

"ಎಲ್ರೂ ಅದನ್ನೇ ಕೇಳೋದು" ಎಂದು ಮೇಜಿನ ಖಾನೆ ಎಳೆದಳು. ಒಳಗೆ ಹಳದಿ ಲೇಬಲ್ಲುಗಳ ಹಾಳೆ ಹಾಳೆಯೇ ಇತ್ತು! "ಪ್ರೆಸ್ಸಿನವರೇ ಅಚ್ಚು ಹಾಕಿಕೊಟ್ಟಿದ್ದು. ತಮ್ಮ ಕೋಲಿಗೊಂದು ಬೇಕಿತ್ತು, ಯಂತ್ರ ಒಂದೇ ಒಂದು ಹೊಡೆಯಲ್ವಂತೆ, ಉಳಿದದ್ದು ನೀನೇ ಇಟ್ಕೋ ಅಂದ್ರು. ಹಲ್ಲಿನ ಡಾಕ್ಟ್ರದ್ದಂತೂ ಅದಕ್ಕೂ ಮುಂಚೆನೇ…" ಅಷ್ಟು ಹೇಳಿ ನಾಲಿಗೆ ಕಚ್ಚಿಕೊಂಡಳು.

ನಗು ತಡೆಯಲಾಗಲಿಲ್ಲ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವುದು ಇಂಥವರನ್ನು ನೋಡಿಯೇ ಹುಟ್ಟಿದ ಮಾತು. ಪ್ರತಿ ಭಾನುವಾರ ನಮ್ಮವರ ಬೆನ್ನು ತಟ್ಟಿ, "ಏನಯ್ಯಾ, ಕೈ ಸೋತಿತಾ?" ಎಂದು ಕೆಣಕುತ್ತಿದ್ದ ಆ ಇಬ್ಬರೂ ಮೆತ್ತಗಿನ ಕೋಲಿನವರು! ನಾನು ಕಣ್ಣು ಒರೆಸಿಕೊಳ್ಳುತ್ತಾ, "ಹಾಗಾದ್ರೆ ಗಾರ್ಡಣ್ಣ ಯಾಕೆ ಬರಲಿಲ್ಲ ನಿನ್ ಹತ್ರ?" ಅಂದೆ.

ಅವಳು ಖಾನೆಯನ್ನು ಮೆಲ್ಲಗೆ ಒಳಗೆ ತಳ್ಳಿದಳು.

"ಬಂದಿದ್ರು" ಅಂದಳು. "ಇದೇ ಸ್ಟೂಲಿನ ಮೇಲೆ ಕೂತಿದ್ರು. ಉಳಿದೋರೆಲ್ಲ ಯಾವ ಕೋಲಲ್ಲಿ ಆಡ್ತಿದಾರಮ್ಮಾ, ನಿಜ ಹೇಳು ಅಂದ್ರು. ಗಿರಾಕಿಗಳ ಗುಟ್ಟು, ನಾನ್ ಹೇಗೆ ಬಿಟ್ಟುಕೊಡ್ಲಿ? ಎಲ್ರದ್ದೂ ಗಟ್ಟಿದೇ ಅಂದ್ಬಿಟ್ಟೆ. ‘ಓಹೋ, ಹಾಗಾದ್ರೆ ತಪ್ಪು ಕೋಲಿಂದಲ್ಲ ಬಿಡು’ ಅಂದು ಎದ್ದು ಹೋದ್ರು. ಆಟನೇ ಬಿಟ್ಬಿಡ್ತಾರೆ ಅಂತ ನಂಗೇನಮ್ಮಾ ಗೊತ್ತಿತ್ತು?"

ಈಗ ನನಗೆ ನಗು ಬರಲಿಲ್ಲ. ಸಿಟ್ಟು ನೆತ್ತಿಗೇರಿತು, ಆದರೆ ಯಾರ ಮೇಲೆ ತೀರಿಸಿಕೊಳ್ಳಲಿ? ಅವಳ ಮೇಲೆಯೇ? ಅದೇ ಲೇಬಲ್ಲು ಕೇಳಿಕೊಂಡು ಬಂದವಳು ನಾನು. "ನನ್ನ ಹೆಸರು ತರಬೇಡಿ ಅಮ್ಮಾ, ದಮ್ಮಯ್ಯ" ಎಂದು ಕೈ ಹಿಡಿದುಕೊಂಡಳು. ಮಾತು ಕೊಡಲಿಲ್ಲ ನಾನು. ಕೋಲನ್ನು ಮಾತ್ರ ಅವಳ ಮೇಜಿನ ಮೇಲಿಟ್ಟು ಬಂದೆ.

ಶನಿವಾರ ಕೋಲು ಮೆಟ್ಟಿಲ ಕೆಳಗಿನ ಗೂಡು ಸೇರಿತ್ತು, ಹಳದಿ ಲೇಬಲ್ಲಿನ ಸಮೇತ. ಭಾನುವಾರ ನಾನೂ ಹೊರಟೆ. "ನೀನ್ಯಾಕೆ?" ಅಂದರು. "ಬೆನ್ನು ಹಿಡ್ಕೊಂಡ್ರೆ ಹೊತ್ಕೊಂಡು ಬರೋಕೆ" ಅಂದೆ. ಮೈದಾನದಲ್ಲಿ ಅವರನ್ನು ಕಾರಿನ ಬಾಗಿಲು ಹಿಡಿಸಿ ನಿಲ್ಲಿಸಿ ಸೊಂಟ ತಿರುಗಿಸಿದೆ, ಕಾಲು ಬೀಸಿಸಿದೆ. ಕೊನೆಯ ಸಲ ಅನ್ನುವ ಯೋಚನೆಗೋ ಏನೋ, ಅವತ್ತು ಹೇಳಿದ ಹಾಗೆ ಕೇಳಿದರು. ಡಾಕ್ಟರೂ ಪ್ರೆಸ್ಸಿನವರೂ ದೂರದಿಂದ, "ಏನಿದು, ಮದುವೆ ಗಂಡಿನ ಹಾಗೆ ತಯಾರಿ?" ಎಂದು ಹಲ್ಲು ಕಿರಿದರು. ಅವರ ಚೀಲಗಳಲ್ಲಿ ಹಳದಿ ಲೇಬಲ್ಲುಗಳು ಬಿಸಿಲಿಗೆ ಮಿನುಗುತ್ತಿದ್ದವು. ನಾನು ಆಕಾಶ ನೋಡಿದೆ.

ಮೊದಲ ಹೋಲಿನಲ್ಲಿ ಒಂದು ಹೊಡೆತ ಹೊಡೆದವರು ಕೋಲನ್ನು ಕೈಯಲ್ಲೇ ಒಮ್ಮೆ ತೂಗಿ ನೋಡಿದರು. ಆರು ಹೋಲು ಮುಗಿಯುವವರೆಗೂ ಒಂದು ಮಾತಿಲ್ಲ. ಏಳನೆಯದರಲ್ಲಿ ನೀಲಿ ಗೂಟದ ಬಳಿ ನಿಂತು ಬಹಳ ಹೊತ್ತು ನೀರನ್ನೇ ನೋಡಿ ಬೀಸಿದರು. ಚೆಂಡು ಎದ್ದಿತು, ಕೊಳದ ನಡುವಿನವರೆಗೂ ಏರುತ್ತಲೇ ಹೋಗಿ, ಆಚೆ ದಡದ ಹುಲ್ಲಿನ ಮೇಲೆ ಇಳಿದು ಉರುಳಿತು.

"ಎಲಾ ಇವನ! ಇನ್ನೂ ಗೂಳಿ ಕಣಯ್ಯಾ ನೀನು!" ಎಂದು ಡಾಕ್ಟರು ಅಪ್ಪಿಕೊಂಡರು. ಪ್ರೆಸ್ಸಿನವರು ಶಿಳ್ಳೆ ಹೊಡೆದರು. ನಮ್ಮವರು ನಗಲಿಲ್ಲ. ಹೆಬ್ಬೆರಳಿನಿಂದ ಆ ಲೇಬಲ್ಲನ್ನು ಸವರುತ್ತಾ ನನ್ನ ಕಡೆ ಒಂದು ಸಲ ನೋಡಿದರು.

ವಾಪಸ್ ಬರುವಾಗ ಕಾರು ಓಡಿಸುತ್ತಿದ್ದವಳು ನಾನು.

"ಯಾವಾಗ ಮಾಡಿಸಿದೆ?" ಅಂದರು.

"ಗೊತ್ತಾಯ್ತಾ?"

"ಮೊದಲನೇ ಹೊಡೆತಕ್ಕೇ ಗೊತ್ತಾಯ್ತು. ಅಷ್ಟು ವರ್ಷ ಹಿಡಿದ ಕೈ ಕಣೇ ಇದು."

"ಮತ್ತೆ ಯಾಕೆ ಸುಮ್ನಿದ್ರಿ?"

ಅವರು ಕಿಟಕಿಯ ಆಚೆ ನೋಡಿದರು. "ದಾಟಬೇಕಿತ್ತು."

ಆ ಒಂದು ಮಾತಿಗೆ ನನಗೆ ಅವರ ಮೇಲೆ ಎಷ್ಟು ಅಕ್ಕರೆ ಬಂತೆಂದರೆ, ಎಲ್ಲ ಮುಚ್ಚಿಟ್ಟು ಹಾಗೇ ಮನೆಗೆ ಹೋಗಿಬಿಡೋಣ ಅನ್ನಿಸಿತು. ಅವರು ಆಡಿಕೊಂಡಿರುತ್ತಾರೆ, ನಾನು ನೆಮ್ಮದಿಯಿಂದಿರುತ್ತೇನೆ, ಯಾರಿಗೇನು ನಷ್ಟ? ಆದರೆ ನಷ್ಟ ಆದವರನ್ನು ಆಸ್ಪತ್ರೆಯಲ್ಲಿ ಈ ಕಣ್ಣಿಂದಲೇ ನೋಡಿದ್ದೆನಲ್ಲ. ಹೇಳಿಬಿಟ್ಟೆ. ಖಾನೆಯ ತುಂಬ ಲೇಬಲ್ಲು, ಡಾಕ್ಟರ ಕೋಲು, ಪ್ರೆಸ್ಸಿನವರ ಅಚ್ಚು. ಅದಕ್ಕೆಲ್ಲ ಅವರ ಮೀಸೆಯಡಿ ನಗು ಮೂಡಿತ್ತು. ಕೊನೆಗೆ ಗಾರ್ಡಣ್ಣ ಸ್ಟೂಲಿನ ಮೇಲೆ ಕೂತು ಕೇಳಿದ ಪ್ರಶ್ನೆಯನ್ನೂ, ಸಿಕ್ಕ ಉತ್ತರವನ್ನೂ ಹೇಳಿದೆ. ನಗು ಹಾಗೇ ಆರಿಹೋಯಿತು.

"ಕಾರು ತಿರುಗಿಸು" ಅಂದರು.

ಗಾರ್ಡಣ್ಣನ ಮಗಳು ಬಾಗಿಲು ತೆರೆದಳು. ಕಿಟಕಿ ಪಕ್ಕದ ಕುರ್ಚಿಯಲ್ಲಿ, ಮೊಣಕಾಲ ಮೇಲೆ ಶಾಲು ಹೊದ್ದು, ಊರುಗೋಲನ್ನು ಪಕ್ಕಕ್ಕೆ ಒರಗಿಸಿಕೊಂಡು ಗಾರ್ಡಣ್ಣ ಕೂತಿದ್ದರು. "ಬಾರಪ್ಪಾ, ಬಾ ತಂಗಿ" ಅಂದವರು ನಮ್ಮವರ ಕೈಯಲ್ಲಿದ್ದ ಕೋಲನ್ನು ನೋಡಿದ್ದೇ ಮುಖ ಬೇರೆ ಕಡೆ ತಿರುಗಿಸಿಕೊಂಡರು. ನಮ್ಮವರಿಗೆ ಸುತ್ತಿ ಬಳಸಿ ಮಾತಾಡಲು ಬರುವುದಿಲ್ಲ. ಕೋಲನ್ನು ಅವರ ತೊಡೆಯ ಮೇಲಿಟ್ಟು, ಅವರ ಕಣ್ಣೆದುರಿಗೇ ಉಗುರಿನಿಂದ ಲೇಬಲ್ಲನ್ನು ಎಬ್ಬಿಸಿ ಕಿತ್ತರು.

"ಬಗ್ಗಿಸಿ ನೋಡು."

ಗಾರ್ಡಣ್ಣ ಎರಡೂ ಕೈಯಲ್ಲಿ ಹಿಡಿದು ಬಗ್ಗಿಸಿದರು. ಕೋಲು ಬಾಗಿತು.

"ಅವರಿಬ್ಬರದು?"

"ಅವರಿಬ್ಬರದೂ ಹೀಗೇ. ನೀನು ಬಿಡೋಕೆ ಮುಂಚಿಂದಲೂ. ನಂದು ಮಾತ್ರ ಹೋದ ವಾರದ ತನಕ ನಿಜವಾಗ್ಲೂ ಗಟ್ಟಿದೇ ಇತ್ತು ಮತ್ತೆ" ಅಂದರು ನಮ್ಮವರು. ಇಂಥ ಹೊತ್ತಿನಲ್ಲೂ ಅದೊಂದು ಹೇಳದಿದ್ದರೆ ಇವರಿಗೆ ಜೀವ ತಡೆಯುವುದಿಲ್ಲ.

ಗಾರ್ಡಣ್ಣ ನಗುತ್ತಾರೆ ಅಂದುಕೊಂಡಿದ್ದೆ. ನಗಲಿಲ್ಲ.

"ಒಂದು ವರ್ಷ ಕಣೋ" ಅಂದರು. "ನಾನೊಬ್ಬನೇ ಮುದುಕ ಆಗ್ಬಿಟ್ಟೆ ಅಂದ್ಕೊಂಡು ಒಂದು ವರ್ಷ ಇಲ್ಲಿ ಕೂತಿದೀನಿ."

ನಮ್ಮವರು ತಲೆ ತಗ್ಗಿಸಿದರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಮಗಳು ಕಣ್ಣೊರೆಸಿಕೊಂಡಳು. ಆಮೇಲೆ ಗಾರ್ಡಣ್ಣ ನನ್ನ ಕಡೆ ತಿರುಗಿ, "ನೋಡು ತಂಗಿ, ಈ ಸೊಂಟ ಇನ್ನು ತಿರುಗುತ್ತಾ?" ಅಂದರು.

ಎಬ್ಬಿಸಿ ನಿಲ್ಲಿಸಿದೆ. ಕುರ್ಚಿಯ ಬೆನ್ನು ಹಿಡಿಸಿ ಆ ಕಡೆ ಈ ಕಡೆ ತಿರುಗಿಸಿದೆ. ಒಂದು ವರ್ಷ ತುಕ್ಕು ಹಿಡಿದ ಬಾಗಿಲ ಬಿಜಾಗರಿಯ ಹಾಗಾಗಿತ್ತು. ರೋಗಿಗೆ ಸುಳ್ಳು ಹೇಳಿದವಳಲ್ಲ ನಾನು. "ಕೊಳ ದಾಟೋದು ಆಗಲ್ಲ ಅಣ್ಣಾ, ಯಾವ ಕೋಲು ಹಿಡಿದ್ರೂ ಆಗಲ್ಲ. ದಿನಾ ಬಂದು ನಾನೇ ವ್ಯಾಯಾಮ ಮಾಡಿಸ್ತೀನಿ. ಮಾಡಿದ್ರೆ ಬಿಳಿ ಗೂಟದಿಂದ ಹೊಡೀಬಹುದು."

"ಬಿಳಿ ಗೂಟ" ಎಂದು ಅವರು ಮೆಲ್ಲಗೆ ಅಂದರು. ಮತ್ತೆ ಕೂರಲು ಕುರ್ಚಿಗಾಗಿ ಕೈ ಚಾಚಿದರು.

ನಮ್ಮವರು ಆ ಕುರ್ಚಿಯನ್ನು ಹಿಂದಕ್ಕೆ ಎಳೆದರು. "ನಾನೂ ಅಲ್ಲಿಂದಲೇ ಹೊಡೀತೀನಿ ಕಣೋ."

"ನೀನು ಯಾಕೋ? ನಿಂದು ದಾಟುತ್ತಲ್ಲ?"

"ಇವತ್ತು ದಾಟಿತು. ಸಾಕು. ಅವರಿಬ್ಬರಿಗೂ ಹೇಳ್ತೀನಿ, ಬಂದ್ರೆ ಬರಲಿ, ಬರದಿದ್ರೆ ನಾವಿಬ್ಬರೇ."

ಗಾರ್ಡಣ್ಣ ನಮ್ಮವರ ಹೆಬ್ಬೆರಳಿಗೆ ಇನ್ನೂ ಅಂಟಿಕೊಂಡಿದ್ದ ಆ ಹಳದಿ ಲೇಬಲ್ಲನ್ನು ಬಿಡಿಸಿ, ತಮ್ಮ ಊರುಗೋಲಿಗೆ ಹಿಡಿಕೆಯ ಕೆಳಗೆ ನೆಟ್ಟಗೆ ಅಂಟಿಸಿ ಒತ್ತಿದರು.

"ನಾಲ್ಕು ಜನದ ಕೋಲಲ್ಲಿ ನಿಜವಾಗ್ಲೂ ಗಟ್ಟಿ ಇರೋದು ಇದೊಂದೇ" ಅಂದರು. ಅದನ್ನು ಗೋಡೆಗೆ ಒರಗಿಸಿ ಕೈ ಬಿಟ್ಟು ನಿಂತರು. "ಹೂಂ ತಂಗಿ, ಹೇಳು. ಯಾವ ಕಡೆ ತಿರುಗಬೇಕು?"

ನಮ್ಮವರೂ ಬೂಟು ಕಳಚಿ ಅವರ ಪಕ್ಕದಲ್ಲಿ ಬಂದು ನಿಂತರು.