ತುಂಬಿದ ಉಡಿ

ಎಪ್ಪತ್ನಾಲ್ಕರ ಹತ್ತಿ ಸುಗ್ಗಿ. ಬೈಲಹೊಂಗಲದ ಹತ್ತಿ ಗಿರಣಿಯಲ್ಲಿ ಸಂಜೆ ಆರಕ್ಕೆ ಮಷಿನ್ನುಗಳು ನಿಲ್ಲುತ್ತಿದ್ದವು. ಅಲ್ಲಿ ಕೂಲಿಗಿದ್ದ ಸತ್ಯವ್ವನ ಮೈಯೊಳಗಿನ ನಡುಕ ಮಾತ್ರ ನಿಲ್ಲುತ್ತಿರಲಿಲ್ಲ. ಹಲ್ಲು, ಎಲುಬು, ಆರು ತಿಂಗಳ ಬಸಿರು, ಎಲ್ಲ ಒಂದೇ ಸಮನೆ ಗಡಗಡ.

ಗೇಟಿನಲ್ಲಿ ಕಾವಲಿನ ಸುಂದರವ್ವ ಮನೆಗೆ ಹೊರಟ ಹೆಣ್ಣಾಳುಗಳ ಮೈ ತಡವಿ ಝಡತಿ ಮಾಡುತ್ತಿದ್ದಳು. "ಉಡಿ ಝಾಡಿಸು, ಕೈ ಎತ್ತು." ಸತ್ಯವ್ವ ಸೀರೆಯ ಉಡಿ ಕೊಡವಿ ಎರಡೂ ಕೈ ಎತ್ತುವಳು. ಅರಳೆ ಕದ್ದಿದ್ದಾಳೇನೋ ಎಂದು ಸುಂದರವ್ವನ ಕೈ ಬಸಿರನ್ನೂ ಒತ್ತಿ ನೋಡುತ್ತಿತ್ತು. ಮಾಲಕ ಕೊಡುವ ಕೂಲಿಯಲ್ಲಿ ಇದೂ ಸೇರಿತ್ತೋ ಏನೋ, ಯಾರೂ ಕೇಳಿರಲಿಲ್ಲ.

ಗಂಡ ಸೋಮಪ್ಪ ಗೋವೆಯ ಗಣಿಗೆ ದುಡಿಯಲು ಹೋಗಿ ನಾಲ್ಕು ತಿಂಗಳಾಗಿತ್ತು. ಮನೆಯಲ್ಲಿ ಮೈದಡವಿ ಮಾತಾಡಿಸುವವರಿಲ್ಲ. ದಿನಕ್ಕೊಮ್ಮೆ ಅವಳನ್ನು ಮುಟ್ಟುತ್ತಿದ್ದುದು ಆ ಝಡತಿಯ ಕೈ ಒಂದೇ.

ಒಂದು ಸಂಜೆ ನೇಸರಗಿಯಿಂದ ತಾಯಿ ಲಗಮವ್ವ ಬಂದಳು. ಬೊಗಸೆಯಲ್ಲಿ ಅಕ್ಕಿ ಹಿಡಿದು ಬಸುರಿ ಮಗಳ ಮುಂದೆ ನಿಂತಳು.

"ಉಡಿ ಒಡ್ಡವ್ವಾ."

ಉಡಿ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಸತ್ಯವ್ವ ಸೆರಗು ಕೊಡವಿ ಎರಡೂ ಕೈ ಎತ್ತಿ ನಿಂತಳು. ತಾಯಿ ಸುರಿದ ಅಕ್ಕಿ ನೆಲದ ಪಾಲಾಯಿತು.

"ಬಸರ ಹೆಂಗಸು ಉಡಿ ಝಾಡಸತಾಳೇನ? ಯಾರ ಕಲಿಸಿದ್ರ ನಿನಗ?"

"ರೂಢಿ ಆಗೇತಿ ಯವ್ವಾ." ಕೈ ಇಳಿಸಲು ತುಸು ಹೊತ್ತು ಬೇಕಾಯಿತು.

"ಹೊಟ್ಟ್ಯಾಗ ಕೂಸು ಹೊಳ್ಳಾಡತೈತಿಲ್ಲೊ?"

"ತಿಳಿಯಂಗಿಲ್ಲ. ಮೈಯಾಗ ಮಷಿನ್ನ ನಡಗತಿರತೈತಿ. ಯಾವದು ಕೂಸು, ಯಾವದು ಮಷಿನ್ನ, ಗೊತ್ತಾಗವಲ್ದು."

ಲಗಮವ್ವ ಚೆಲ್ಲಿದ ಅಕ್ಕಿ ಆರಿಸಿದಳು. ಬೆಳಿಗ್ಗೆ ಮಗಳು ಕೆಲಸಕ್ಕೆ ಹೊರಡುವಾಗ ಮತ್ತೆ ಉಡಿ ತುಂಬಿ, ತಾನೇ ಗಂಟು ಹಾಕಿದಳು.

"ಮನಿಗೆ ಬಂದ ಬಿಚ್ಚು."

ಸಂಜೆ ಗೇಟಿನಲ್ಲಿ ಸುಂದರವ್ವ ತಡೆದಳು. "ಉಡಿ ಉಬ್ಬೇತಿ. ಝಾಡಿಸು."

"ನಮ್ಮವ್ವ ತುಂಬಿದ ಅಕ್ಕಿ ಐತಿ. ಝಾಡಿಸಂಗಿಲ್ಲ."

ಸುಂದರವ್ವನ ಕೈ ಹಿಂದೆ ಸರಿಯಿತು. ಆಳುಗಳ ಮೇಲ್ವಿಚಾರಣೆಯ ಮುಕಾದಮ ಬಂದ. "ಅಕ್ಕಿ ಇದ್ರ ಝಾಡಿಸಿ ತೋರಸು, ಮುಗೀತು. ಇಲ್ಲಾಂದ್ರ ಕಳ್ಳಿ ಅಂತ ಬರಕೋತೇನಿ. ನಾಳಿಂದ ಕೆಲಸ ಇಲ್ಲ."

"ಬರಕೋರಿ. ಕೂಲಿಗೆ ದುಡಿಮಿ ಕೊಟ್ಟೇನ್ರಿ. ಉಡಿ ಕೊಟ್ಟಿಲ್ಲ."

ಕೊಡವಿದ್ದರೆ ನಾಲ್ಕು ಹಿಡಿ ಅಕ್ಕಿ ಉದುರಿ ಕಳ್ಳಿಯೆಂಬ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಅವಳು ಎರಡೂ ಕೈಯಿಂದ ಉಡಿ ಅವಚಿ ಒಬ್ಬಳೇ ನಿಂತಳು. ಗೇಟು ತೆರೆಯಲಿಲ್ಲ. ಹಿಂದೆ ಝಡತಿಗೆ ಕೈ ಎತ್ತಿ ಸಾಲಾಗಿ ನಿಂತಿದ್ದ ಹೆಂಗಸರು ನೆಲ ನೋಡಿದರು. ಅವರಲ್ಲಿ ಕೆಂಚವ್ವ ಎಂಬುವಳು ಮಾತ್ರ ಎತ್ತಿದ್ದ ಕೈಗಳನ್ನು ಮೆಲ್ಲಗೆ ಇಳಿಸಿದಳು.

ಅಂಗೈಯ ಕೆಳಗೆ ಏನೋ ಮಿಸುಕಿತು. ಸತ್ಯವ್ವ ಉಸಿರು ಹಿಡಿದಳು. ನಿಂತಿತು. ಮತ್ತೆ ಒದೆಯಿತು.

"ಇದು ಮಷಿನ್ನ ಅಲ್ಲ," ಎಂದಳು. ಯಾರಿಗೆ ಹೇಳಿದಳೆಂದು ಮುಕಾದಮನಿಗೆ ತಿಳಿಯಲಿಲ್ಲ.